ತುಂಗಕ್ಕ ನಮ್ಮ ಜಗಲಿಗೆ ಬಂದದ್ದು

ತುಂಗಕ್ಕ ಸತ್ತ ಮೂರನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಬಾಗಿಲು ತೆಗೆದರೆ ಅವರು ನಮ್ಮ ಜಗಲಿಯ ಮೇಲೆ ಕೂತಿದ್ದರು. ಚಪ್ಪಲಿ ಬಿಟ್ಟು ಗೋಡೆಗೆ ಒರಗಿಸಿದ್ದರು. ಮಡಿಲಲ್ಲಿ ಅದೇ ಹಳೆಯ ಚೀಲ, ಚೀಲದ ತುಂಬ ಊರ ಹುಡುಗ ಹುಡುಗಿಯರ ಜಾತಕ. "ಎದ್ಯಾ ಗಿರಿಯಪ್ಪ? ನಿಮ್ಮನೆ ಗೇಟು ಹಿಂಗೆ ಕಿರುಚುತ್ತಲ್ಲ, ಒಂದು ತೊಟ್ಟು ಎಣ್ಣೆ ಬಿಡಬಾರದಾ?" ಎಂದರು. ನನ್ನ ಬಾಯಲ್ಲಿದ್ದ ಪೇಸ್ಟಿನ ನೊರೆ ಗಂಟಲಿಗೆ ಇಳಿಯಿತು. ಒಳಗೆ ಓಡಿ ಹೆಂಡತಿಗೆ, "ಮಂಗಳಾ, ಬಂದಿದಾರೆ ಕಣೇ," ಎಂದೆ. ಅವಳು ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ ಕೇಳಿದ ಮೊದಲ ಮಾತು, "ಎಲ್ಲೀವರೆಗೆ?" ಜಗಲಿವರೆಗೆ ಎಂದೆ. "ಸದ್ಯ," ಎಂದು ದೇವರ ಮನೆಯ ಕಡೆ ತಿರುಗಿ ಸೌಟಿನ ಸಮೇತ ಕೈ ಮುಗಿದಳು.

ನಮ್ಮೂರಲ್ಲಿ ಇನ್ನೊಬ್ಬರ ತಪ್ಪಿನಿಂದ ಸತ್ತವರು ಮೂರನೆಯ ದಿನ ಆ ತಪ್ಪು ಮಾಡಿದವರ ಮನೆಗೆ ಬರುತ್ತಾರೆ. ಗೇಟಿನ ಹೊರಗೇ ಸ್ವಲ್ಪ ಹೊತ್ತು ನಿಂತು ಹೋದರೆ ಗ್ರಹಚಾರ ಎಂದು ಅರ್ಥ, ಯಾರಿಗೂ ಏನೂ ಇಲ್ಲ. ಜಗಲಿಯಲ್ಲಿ ಕೂತರೆ ಕೈತಪ್ಪು. ಹದಿಮೂರನೆಯ ದಿನ ಅವರು ಎದ್ದು ಹೋಗುತ್ತಾರೆ, ಇವರು ಕೋರ್ಟಿಗೆ ಹೋಗಿ ಬೈಸಿಕೊಂಡು, ದಂಡ ಕಟ್ಟಿ ಬರುತ್ತಾರೆ. ಹೊಸ್ತಿಲು ದಾಟಿ ನಡುಮನೆಯಲ್ಲಿ ಕೂತರೆ ಮಾತ್ರ ಕಥೆ ಮುಗಿಯಿತು. ಅದು ಗೊತ್ತಿದ್ದೂ ಮಾಡಿದ ತಪ್ಪು. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಘೋರ ನಿರ್ಲಕ್ಷ್ಯ ಎಂದು ಹೆಸರು, ಜನ 'ನಡುಮನೆ ಕೇಸು' ಎನ್ನುತ್ತಾರೆ. ಐದು ವರ್ಷ ಜೈಲು. ಇವರು ಜೈಲಿನಲ್ಲಿರುವಷ್ಟು ಕಾಲವೂ ಅವರು ನಡುಮನೆಯಲ್ಲೇ ಕೂತಿರುತ್ತಾರೆ. ಆದ್ದರಿಂದ ನಮ್ಮೂರ ಪೊಲೀಸರು ಅಪಘಾತವಾದ ಜಾಗ ನೋಡುವ ತೊಂದರೆ ತೆಗೆದುಕೊಳ್ಳುವುದಿಲ್ಲ. ನೆಟ್ಟಗೆ ಮನೆಗೆ ಬಂದು ಜಗಲಿ ನೋಡುತ್ತಾರೆ.

ಇದಕ್ಕೆ ಜನ ಒಗ್ಗಿಕೊಂಡಿರುವ ರೀತಿ ನೋಡಬೇಕು. ನಮ್ಮಲ್ಲಿ ಸೇತುವೆ ಕಟ್ಟಿಸುವ ಕಂಟ್ರಾಕ್ಟರ್ ಒಬ್ಬನ ಮನೆಗೆ ಒಂದರ ಹಿಂದೆ ಒಂದು ನಾಲ್ಕು ಜಗಲಿಗಳಿವೆ. ಹೊರಗಿರುವವರು ಕಾಫಿ ಕೇಳಿದರೆ ಒಳಗಿನಿಂದ ತಲುಪುವಷ್ಟರಲ್ಲಿ ಆರಿಹೋಗುತ್ತದೆ. ಒಬ್ಬ ಡಾಕ್ಟರು ನಡುಮನೆಯೇ ಇಲ್ಲದ ಮನೆ ಕಟ್ಟಿಸಿ, ಬಾಗಿಲು ತೆಗೆದರೆ ನೇರವಾಗಿ ಬಚ್ಚಲಿಗೆ ಹೋಗುವ ಹಾಗೆ ಮಾಡಿದ್ದಾರೆ. ನೆಂಟರು ಮನೆಗೆ ಬಂದರೆ 'ಬಂದಿದ್ದಾರೆ' ಎಂದು ಯಾರೂ ಹೇಳುವುದಿಲ್ಲ, 'ಇಳಿದಿದ್ದಾರೆ' ಎನ್ನುತ್ತಾರೆ. ಬಾಗಿಲು ತಟ್ಟುವವರೂ ಮೊದಲು, "ನಾವು ಬದುಕಿರೋರೇ ರೀ," ಎಂದು ಕೂಗಿ ಆಮೇಲೆ ತಟ್ಟುತ್ತಾರೆ.

ಒಂದು ವಿಷಯ ಮಾತ್ರ ಎಲ್ಲರ ನಿದ್ದೆ ಕೆಡಿಸುತ್ತದೆ. ಬಂದವರಿಗೆ ಸಾಯುವ ಮುಂಚೆ ಎಷ್ಟು ಗೊತ್ತಿತ್ತೋ ಅಷ್ಟೇ ಗೊತ್ತಿರುತ್ತದೆ. ಸತ್ತ ಮಾತ್ರಕ್ಕೆ ಯಾರೂ ಸರ್ವಜ್ಞರಾಗುವುದಿಲ್ಲ. ಜಗಲಿಯಲ್ಲಿ ಕೂತವರಿಗೆ ಆಮೇಲೆ ಹೊಸದೇನಾದರೂ ತಿಳಿದರೆ, ತಿಳಿದಷ್ಟು ಒಳಗೆ ಬರುತ್ತಾರೆ. ಎಣ್ಣೆ ಗಾಣದವನೊಬ್ಬನ ಜಗಲಿಯಲ್ಲಿ ಒಂಬತ್ತು ದಿನ ತೆಪ್ಪಗೆ ಕೂತಿದ್ದ ಕೂಲಿಯವನು, ದಾರಿಯಲ್ಲಿ ಹೋಗುತ್ತಿದ್ದ ಕ್ಷೌರಿಕನ ಒಂದೇ ಮಾತು ಕೇಳಿ ಎದ್ದು ಒಳಗೆ ನಡೆದ. ಆ ಕ್ಷೌರಿಕನಿಗೆ ಇವತ್ತಿಗೂ ಆ ಬೀದಿಯವರು ಗಡ್ಡ ಕೊಡುವುದಿಲ್ಲ.

ನಾನು ಊರಿನ ಕಲ್ಯಾಣ ಮಂಟಪದ ಮ್ಯಾನೇಜರು. ಮೂರು ಮಹಡಿಯ ಮಂಟಪ, ಊರಿಗೆಲ್ಲ ಒಂದೇ ಲಿಫ್ಟು. ವಧೂವರರನ್ನು ಹರಸುವ ನೆಪದಲ್ಲಿ ಲಿಫ್ಟಿನಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಹೋಗಿಬರುವ ಜನ ನಮ್ಮವರು. ಪ್ರತಿ ಮಹಡಿಯಲ್ಲೂ ಒಂದು ತಗಡಿನ ಬಾಗಿಲು, ಬಾಗಿಲ ಪಕ್ಕ ಒಂದು ಸಣ್ಣ ದೀಪ. ಕೆಂಪಿದ್ದರೆ ಲಿಫ್ಟು ಬೇರೆಲ್ಲೋ ಇದೆ, ಹಸಿರಾದರೆ ಬಂದು ನಿಂತಿದೆ. ಎಳೆದು ಒಳಗೆ ಹೋಗಬಹುದು. ಮದುವೆ ದಲ್ಲಾಳಿ ತುಂಗಕ್ಕ ಒಂದು ನಿಶ್ಚಿತಾರ್ಥಕ್ಕೆ ಬಂದು, ಊಟ ಮುಗಿಸಿ, ಮೂರನೆಯ ಮಹಡಿಯಲ್ಲಿ ಬಾಗಿಲು ಎಳೆದು ಕಾಲಿಟ್ಟರು. ಲಿಫ್ಟು ಕೆಳಗಿತ್ತು.

ಅದಕ್ಕೂ ಎರಡು ತಿಂಗಳ ಮುಂಚೆ ಲಿಫ್ಟಿನ ಮೆಕ್ಯಾನಿಕ್ ಉಮಾಪತಿ ನನ್ನ ಮೇಜಿನ ಮುಂದೆ ನಿಂತು, "ಸಾರ್, ಮೂರನೇ ಮಹಡಿ ದೀಪದ ವೈರು ಕೂಡಿಕೊಂಡಿದೆ. ಲಿಫ್ಟು ಎಲ್ಲಿದ್ರೂ ಅಲ್ಲಿ ಹಸಿರೇ ಉರಿಯುತ್ತೆ. ಬಾಗಿಲ ಲಾಕೂ ಸವೆದುಹೋಗಿದೆ, ಎಳೆದರೆ ಬರುತ್ತೆ. ಒಂದು ವಾರ ಬೀಗ ಹಾಕಿ, ಸರಿ ಮಾಡ್ಕೊಡ್ತೀನಿ," ಎಂದಿದ್ದ. ನಾನು, "ಏನೂ ಆಗಲ್ಲ ಬಿಡಯ್ಯ," ಎಂದೆ. ಹದಿನೈದು ದಿನ ಬಿಟ್ಟು ಅದನ್ನೇ ಕಾಗದದಲ್ಲಿ ಬರೆದು ಸಹಿ ಹಾಕಿ ತಂದುಕೊಟ್ಟ. ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡು ಮತ್ತೆ ಅದೇ ಮಾತು ಹೇಳಿದೆ. ನನ್ನನ್ನು ಬೈಯುವ ಮುಂಚೆ ಒಂದು ತಿಳಿದುಕೊಳ್ಳಿ, ಇಪ್ಪತ್ತೆರಡು ವರ್ಷ ನಾನು ಆ ಮಂಟಪ ನಡೆಸಿದ್ದೇ ಆ ಮಾತಿನಿಂದ. ಸಾರು ಸಾಲುವುದಿಲ್ಲ ಎಂದು ಅಡುಗೆಯವರು ಓಡಿಬಂದರೆ ಏನೂ ಆಗಲ್ಲ ಬಿಡಿ. ಮುಹೂರ್ತಕ್ಕೆ ಪುರೋಹಿತರು ಬಂದಿಲ್ಲ ಎಂದರೆ ಏನೂ ಆಗಲ್ಲ ಬಿಡಿ. ಆ ಮೂರು ಮಾತು ಹೇಳಿ ಕೈ ಹಿಂದೆ ಕಟ್ಟಿಕೊಂಡು ನಿಂತರೆ ಜನ ನನ್ನನ್ನು ದೇವರ ಹಾಗೆ ನೋಡುತ್ತಿದ್ದರು. ನಿಜಕ್ಕೂ ಏನೂ ಆಗುತ್ತಲೂ ಇರಲಿಲ್ಲ. ತುಂಗಕ್ಕ ಬಿದ್ದ ದಿನ, ಹೆಣ ಮೇಲೆತ್ತುವ ಗಲಾಟೆಯಲ್ಲಿ, ಆ ಹಸಿರು ಬಲ್ಬನ್ನು ನಾನೇ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಕಾಗದವನ್ನು ನಮ್ಮನೆಯ ಬಚ್ಚಲೊಲೆ ತಿಂದಿತು.

ಹೀಗಾಗಿ ಹತ್ತು ದಿನ ತುಂಗಕ್ಕನಿಗೆ ಏನೂ ತಿಳಿಯದ ಹಾಗೆ ನೋಡಿಕೊಳ್ಳಬೇಕಾಗಿತ್ತು, ಅಷ್ಟೇ. ಮನೆಯಲ್ಲಿ ಲಿಫ್ಟು ಎಂಬ ಮಾತು ನಿಂತಿತು. ದೀಪ ಎನ್ನುವುದೂ ಅಪಾಯವೆಂದು ಮಂಗಳ ಮುಸ್ಸಂಜೆ ಮಗಳಿಗೆ, "ಪ್ರಫುಲ್ಲಾ, ದೇವರಿಗೆ ಅದನ್ನ ಹಚ್ಚೇ," ಎನ್ನತೊಡಗಿದಳು. ಹಸಿರು ಸೀರೆ ಟ್ರಂಕಿನೊಳಗೆ ಹೋಯಿತು. ನಾನು ಸೊಪ್ಪಿನ ಸಾರೂ ಬೇಡವೆಂದಾಗ ಮಾತ್ರ ಹೆಂಡತಿ, "ನಿಮ್ಮ ತಪ್ಪಿಗೆ ನಾವು ಎಷ್ಟು ದಿನಾಂತ ಬರೀ ಬೇಳೆ ತಿನ್ನೋದು?" ಎಂದು ಮುಖ ತಿರುಗಿಸಿದಳು.

ಸಬ್‌ಇನ್ಸ್‌ಪೆಕ್ಟರ್ ಬೋರಲಿಂಗಯ್ಯ ದಿನಾ ಹನ್ನೊಂದಕ್ಕೆ ಸರಿಯಾಗಿ ಟೇಪು ಹಿಡಿದು ಬರುತ್ತಿದ್ದರು. ತುಂಗಕ್ಕನ ಮಂಡಿಯಿಂದ ಹೊಸ್ತಿಲವರೆಗೆ ಅಳೆದು, "ಐದಡಿ ಎರಡಿಂಚು. ನಿನ್ನೆಯಷ್ಟೇ," ಎಂದು ಪುಸ್ತಕದಲ್ಲಿ ಬರೆದು, ನನ್ನ ಕಡೆ ಅರ್ಥಗರ್ಭಿತವಾಗಿ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಒಂದು ದಿನ ಬಿಸಿಲಿಗೆ ತುಂಗಕ್ಕ ಸ್ವಲ್ಪ ಸರಿದು ಕೂತಿದ್ದಕ್ಕೆ ನಾಲ್ಕಡಿ ಹತ್ತಿಂಚು ಬಂತು. ಅವತ್ತು ನನಗೆ ಜ್ವರವೇ ಬಂತು.

ಕಷ್ಟವೆಂದರೆ, ಬೇರೆ ಯಾರಾದರೂ ಸತ್ತಿದ್ದರೆ ಸುಮ್ಮನೆ ಕೂತು ಬೀದಿ ನೋಡಿಕೊಂಡಿರುತ್ತಿದ್ದರು. ತುಂಗಕ್ಕನ ಕಸುಬೇ ಜನರ ಮನೆಯೊಳಗಿನ ಗುಟ್ಟು ಹೊರಗೆಳೆಯುವುದು. ಇನ್ನೂರ ಹನ್ನೆರಡು ಮದುವೆ ಮಾಡಿಸಿದ ಹೆಂಗಸು, ಒಂದನ್ನೂ ಮುಚ್ಚಿಟ್ಟು ಮಾಡಿಸಿದವರಲ್ಲ. ತುಂಬಿದ ಸಭೆಯಲ್ಲಿ, "ಹುಡುಗನಿಗೆ ಎಡಗಿವಿ ಕೇಳಿಸಲ್ಲ, ಹುಡುಗಿ ಬಲಗಡೆ ಕೂತ್ಕೊಂಡ್ರೆ ಸಂಸಾರ ನಡೆಯುತ್ತೆ," ಎಂದು ಸಾರಿದವರು. ಅವರು ಒಂದು ಮನೆಗೆ ಹೆಜ್ಜೆ ಇಟ್ಟರೆ ಆ ಮನೆಯವರು ತಮಗೇ ಗೊತ್ತಿಲ್ಲದ ಕಾಯಿಲೆಗಳನ್ನು ಒಪ್ಪಿಕೊಳ್ಳುತ್ತಿದ್ದರು. ಈಗ ನಮ್ಮ ಜಗಲಿಯಲ್ಲಿ ಬಿಡುವಾಗಿ ಕೂತು, ಇಪ್ಪತ್ತೇಳು ತುಂಬಿದ ನಮ್ಮ ಪ್ರಫುಲ್ಲಳ ಮೇಲೆ ಅವರ ಕಣ್ಣು ಬಿತ್ತು. "ಹನ್ನೊಂದು ಗಂಡು ಬಂದು ಹೋದವಂತೆ? ಹೋಗೋ ಮುಂಚೆ ನಿನಗೊಂದು ದಾರಿ ಮಾಡಿ ಹೋಗ್ತೀನಿ ತಾಳು. ನಿಮ್ಮಪ್ಪನ ಅನ್ನದ ಋಣ ಇಲ್ಲದಿದ್ರೂ ಜಗಲಿ ಋಣ ಇದೆ," ಎಂದರು.

ಆರನೆಯ ದಿನ ಉಮಾಪತಿ ಬಂದ. ಪಾಪಭೀರು ಹುಡುಗ, ಮೂವತ್ತೊಂದು ವರ್ಷ, ಎಣ್ಣೆ ಮೆತ್ತಿದ ಅಂಗಿ. ಮನಸ್ಸಿಗೆ ಸಮಾಧಾನವಿಲ್ಲದೆ ಬಂದಿದ್ದ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಗೇಟಿನಲ್ಲೇ ತಡೆಯೋಣವೆಂದು ನಾನು ಪಂಚೆ ಎತ್ತಿಕೊಂಡು ಓಡುವಷ್ಟರಲ್ಲಿ ತುಂಗಕ್ಕ, "ಯಾರಪ್ಪಾ ನೀನು? ಮದುವೆ ಆಗಿದೆಯಾ?" ಎಂದು ಹಿಡಿದಾಗಿತ್ತು. ಇಲ್ಲ ಎಂದ. "ಏನು ಕೆಲಸ?" "ರಿಪೇರಿ ಕೆಲಸ ಅಮ್ಮಾ." "ಏನು ರಿಪೇರಿ?" ಉಮಾಪತಿ ನನ್ನ ಮುಖ ನೋಡಿದ. ಒಳಗಿನಿಂದ ಮಂಗಳ, "ಮಿಕ್ಸಿ! ಮಿಕ್ಸಿ ರಿಪೇರಿ ತುಂಗಕ್ಕ, ನಾನೇ ಹೇಳಿಕಳಿಸಿದ್ದೆ," ಎಂದು ಕೂಗಿದಳು. ಚೆನ್ನಾಗಿ ತಿರುಗುತ್ತಿದ್ದ ಮಿಕ್ಸಿಯನ್ನು ತಂದು ಅವನ ಮುಂದಿಟ್ಟಳು. ಅವನು ಅದನ್ನು ಬಿಚ್ಚಿದ. ಎರಡು ಗಂಟೆ ಹೊತ್ತು ಜೋಡಿಸಿದ. ಪ್ರಫುಲ್ಲ ಸ್ಕ್ರೂ ಎತ್ತಿಕೊಡುತ್ತಾ ಪಕ್ಕದಲ್ಲೇ ಕೂತಳು. ಹನ್ನೊಂದು ಗಂಡುಗಳ ಮುಂದೆ ತಲೆ ಎತ್ತದಿದ್ದವಳು ಅವತ್ತು ಎರಡು ಸಲ ನಕ್ಕಳು. ತುಂಗಕ್ಕ ಅದನ್ನು ನೋಡಿ ಚೀಲದಿಂದ ಪಂಚಾಂಗ ತೆಗೆದರು.

ಅವತ್ತು ಸಾಯಂಕಾಲ ಹೂವಿನವಳು ಜಗಲಿ ಹತ್ತಿರ ನಿಂತು ತುಂಗಕ್ಕನ ಮನೆಯ ಸುದ್ದಿ ಹೇಳಿದಳು. ಬಂದವರು ಅವರವರ ಮನೆಯವರ ಕಣ್ಣಿಗೆ ಮಾತ್ರ ಕಾಣಿಸುವುದಿಲ್ಲ, ಅವರ ದನಿಯೂ ಇವರಿಗೆ ಕೇಳಿಸುವುದಿಲ್ಲ, ಸುದ್ದಿಯೆಲ್ಲ ಹೀಗೆಯೇ ಮೂರನೆಯವರಿಂದ ಓಡಾಡಬೇಕು. ತುಂಗಕ್ಕನ ಗಂಡ ಕರಿಯಪ್ಪ ಮೇಷ್ಟ್ರು ಬಂದವರಿಗೆಲ್ಲ, "ಒಂದು ಕಣ್ಣಿನ ಪೊರೆ ತೆಗೆಸಿದ್ದೆ, ಇನ್ನೊಂದನ್ನೂ ತೆಗೆಸು ಅಂತ ಬಡ್ಕೊಂಡೆ. ಕೇಳಲಿಲ್ಲ. ಕೆಂಪೋ ಹಸಿರೋ ಗೊತ್ತಾಗದೆ ಕಾಲಿಟ್ಟಳು. ನಾನು ಎಳ್ಕೊಂಡಾದ್ರೂ ಹೋಗಿ ತೆಗೆಸಬೇಕಾಗಿತ್ತು," ಎಂದು ಹೇಳಿಕೊಂಡು ಅಳುತ್ತಿದ್ದಾರಂತೆ. ಹೂವಿನವಳು ಹೋದ ಮೇಲೆ ತುಂಗಕ್ಕ ಒಂದೊಂದೇ ಕಣ್ಣು ಮುಚ್ಚಿ ಬೀದಿ ನೋಡಿದರು. ಆಮೇಲೆ, "ಅವರು ಹೇಳೋದು ಸರಿ ಗಿರಿಯಪ್ಪ. ನನ್ನ ಕಣ್ಣಿಗೆ ಹಸಿರಾಗೇ ಕಂಡಿತು. ಸುಳ್ಳು ಕಣ್ಣು. ನೀನೇನು ಮಾಡ್ತೀಯ ಅದಕ್ಕೆ? ಬಾಗಿಲು ಸ್ವಲ್ಪ ಸಡಿಲ ಇತ್ತೇನೋ, ಅಷ್ಟಕ್ಕೇ ನನ್ನ ಕಾಲು ಇಲ್ಲಿಗೆ ಎಳ್ಕೊಂಡು ಬಂತು. ನಿನಗೆ ತೊಂದರೆ ಕೊಟ್ಟೆ ನೋಡು," ಎಂದರು.

"ಅಯ್ಯೋ, ಇರಲಿ ಬಿಡಿ ತುಂಗಕ್ಕ," ಎಂದೆ ನಾನು. ಹೇಳಿದವನು ಒಳಗೆ ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಮುಚ್ಚಿಟ್ಟು ಏನು ಪ್ರಯೋಜನ, ಅವತ್ತು ನನಗೆ ಖುಷಿಯೇ ಆಗಿತ್ತು. ಸತ್ತವರೇ ತಪ್ಪು ತಮ್ಮದೆನ್ನುವಾಗ ಬೋರಲಿಂಗಯ್ಯನ ಟೇಪು ಏನು ಮಾಡೀತು? ಮಂಗಳ ಬಡಿಸುತ್ತಾ ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಮುಂದೆ ತುಂಗಕ್ಕ ಸಣ್ಣಗಾಗುತ್ತಾ ಹೋದರು. ಬೀದಿಯಲ್ಲಿ ಹೋಗುವವರನ್ನು ಮೊದಲಿನ ಹಾಗೆ ಹೆಸರು ಹಿಡಿದು ಕರೆಯಲಿಲ್ಲ, "ಅದು ಶಾಂತಮ್ಮನ ಮಗನೇನಾ? ನನಗೆ ಸರಿಯಾಗಿ ಕಾಣಲ್ಲ ಕಣೆ," ಎಂದು ಪ್ರಫುಲ್ಲಳನ್ನು ಕೇಳುತ್ತಿದ್ದರು. ಪಂಚಾಂಗವನ್ನು ಅವಳ ಕೈಲಿ ಓದಿಸಿ, ಓದಿದ್ದನ್ನೇ ಮತ್ತೆ ಓದಿಸುತ್ತಿದ್ದರು. ಬದುಕಿದ್ದಾಗ ಇಡೀ ಊರಿನ ಗಂಡು ಹೆಣ್ಣುಗಳನ್ನು ಒಂದೇ ನೋಟಕ್ಕೆ ಅಳೆದ ಹೆಂಗಸು, ಅಂಗಳದಲ್ಲಿ ಒಣಹಾಕಿದ ಸೀರೆಯ ಬಣ್ಣ ಯಾವುದೆಂದು ಹೇಳಲು ಅಂಜುತ್ತಿದ್ದರು. ನನಗೆ ಊಟ ಸೇರದಾಯಿತು. ಅಜೀರ್ಣವಿರಬೇಕೆಂದು ಓಮಿನ ಕಷಾಯ ಕುಡಿದೆ. ಅಜೀರ್ಣವಲ್ಲ ಎಂದು ಕುಡಿಯುವಾಗಲೇ ಗೊತ್ತಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ತುಂಗಕ್ಕ ಎಲ್ಲರನ್ನೂ ಜಗಲಿಯಲ್ಲಿ ಸೇರಿಸಿದರು. ಉಮಾಪತಿಗೆ ಹೇಳಿಕಳಿಸಿದ್ದರು. ಅವನು ಒಗೆದ ಅಂಗಿ ತೊಟ್ಟು ಬಂದಿದ್ದ. ಪ್ರಫುಲ್ಲ ಕಂಬ ಹಿಡಿದು ನಿಂತಳು. "ಜಾತಕ ಕೂಡಿದೆ. ಮನಸ್ಸು ಕೂಡಿದ್ದು ನನಗೇ ಕಂಡಿದೆ. ಈಗ ನನ್ನ ಪದ್ಧತಿ. ಎರಡೂ ಕಡೆಯವರು ಮುಚ್ಚಿಟ್ಟದ್ದೇನಾದರೂ ಇದ್ರೆ ಈ ಗಳಿಗೇಲಿ ಹೇಳಿಬಿಡಬೇಕು. ಆಮೇಲೆ ಗೊತ್ತಾದರೆ ನಾನು ಸತ್ತವಳು ಅಂತ ನೋಡಲ್ಲ, ಜಾಡಿಸಿಬಿಡ್ತೀನಿ," ಎಂದರು.

ಉಮಾಪತಿ ಬೆವರು ಒರೆಸಿಕೊಂಡ. "ನಂದೊಂದು ಇದೆ ಅಮ್ಮಾ. ನಾನು ಮಿಕ್ಸಿ ರಿಪೇರಿಯವನಲ್ಲ."

ಮಂಗಳ ಕಾಫಿ ತಟ್ಟೆಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ತುಂಗಕ್ಕ ಮಾತ್ರ ನಕ್ಕು, "ಅದು ಗೊತ್ತು ಬಿಡಪ್ಪ. ನೀನು ರಿಪೇರಿ ಮಾಡಿ ಹೋದ ಮೇಲೆ ಅದು ಕೂಗಿಕೊಳ್ಳೋದನ್ನ ಆರು ದಿನದಿಂದ ಕೇಳ್ತಾ ಇದೀನಿ," ಎಂದರು. ಅವನು ಇನ್ನೇನೋ ಹೇಳಲು ಬಾಯಿ ತೆರೆದು, ನನ್ನನ್ನು ನೋಡಿ, ಹೇಳದೆ ನೆಲ ನೋಡಿದ. ಒಂದು ದಿನ, ಇನ್ನೊಂದೇ ದಿನ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ತುಂಗಕ್ಕ ಅವನನ್ನೂ ಪ್ರಫುಲ್ಲಳನ್ನೂ ಸುಮಾರು ಹೊತ್ತು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖದ ನಗು ಆರಿತು. ಎರಡೂ ಜಾತಕಗಳನ್ನು ಮಡಿಚಿ ಚೀಲಕ್ಕೆ ಹಾಕತೊಡಗಿದರು. "ಬೇಡ ಬಿಡು ಮಂಗಳ. ನನಗೆ ಧೈರ್ಯ ಸಾಲ್ತಾ ಇಲ್ಲ. ಹುಡುಗ ಒಳ್ಳೆಯವನ ಹಾಗೆ ಕಾಣ್ತಾನೆ. ಕಾಣೋದು ನನ್ನ ಕಣ್ಣಿಗೆ ತಾನೇ? ಕೆಂಪು ದೀಪ ಹಸಿರಾಗಿ ಕಂಡ ಕಣ್ಣು ಇದು. ಇದನ್ನ ನಂಬಿ ಒಂದು ಹೆಣ್ಣುಮಗಳನ್ನ ಹೇಗೆ ಕೊಡಿಸಲಿ? ಹಿಂದೆ ಮಾಡಿಸಿದ್ದರಲ್ಲೂ ಎಷ್ಟು ತಪ್ಪಿದೀನೋ ಏನೋ, ದೇವರೇ ಬಲ್ಲ," ಎಂದು ಚೀಲದ ದಾರ ಬಿಗಿದರು.

ಅವರು ಅಳಲಿಲ್ಲ. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ, ಮಂಟಪದಲ್ಲಿ ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಆ ದಾರವನ್ನು ಎರಡು ಗಂಟು ಹಾಕಿ, ಗಂಟು ಸರಿಯಾಗಿ ಬಿದ್ದಿದೆಯೇ ಎಂದು ಕಣ್ಣಿನಿಂದ ನೋಡದೆ ಬೆರಳಿನಿಂದ ಮುಟ್ಟಿ ನೋಡಿಕೊಂಡರು. ನನ್ನ ಕೈಲಿ ಆಗಲಿಲ್ಲ.

"ದೀಪ ಹಸಿರೇ ಇತ್ತು ತುಂಗಕ್ಕ," ಎಂದೆ.

ಮಂಗಳ, "ರೀ," ಎಂದಳು.

"ಏನಂದೆ?"

"ಹಸಿರೇ ಇತ್ತು. ಎರಡು ತಿಂಗಳಿಂದ ಕೆಟ್ಟು ಹಸಿರೇ ಉರೀತಿತ್ತು. ಈ ಹುಡುಗ ಲಿಫ್ಟಿನ ಮೆಕ್ಯಾನಿಕ್ಕು. ಬಾಯಲ್ಲಿ ಹೇಳಿದ, ಕಾಗದ ಬರೆದುಕೊಟ್ಟ, ಬೀಗ ಹಾಕಿ ಅಂದ. ಮದುವೆ ದಿನಗಳು, ನಾನೇ ಹಾಕಲಿಲ್ಲ. ಏನೂ ಆಗಲ್ಲ ಅಂದೆ. ನೀವು ಬಿದ್ದ ಮೇಲೆ ಆ ಬಲ್ಬು ಬಿಚ್ಚಿದೋನೂ ನಾನೇ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

ತುಂಗಕ್ಕ ಚೀಲ ಪಕ್ಕಕ್ಕಿಟ್ಟರು. "ಇನ್ನೊಂದ್ಸಲ ಹೇಳು," ಎಂದರು. ಹೇಳಿದೆ. ಮೂರನೆಯ ಸಲವೂ ಹೇಳಿಸಿದರು. ಆಮೇಲೆ ಅವರ ದನಿ ಏರಿತು. "ಒಂದು ಬೀಗ ಹಾಕೋಕೆ ಆಗಲಿಲ್ವೇನೋ ನಿನಗೆ? ಒಂದು ಬೀಗ! ನಾನು ಅವತ್ತು ಮನೆಗೆ ಹೋಗಿ ಹುಣಸೆಹಣ್ಣು ಬಿಡಿಸಬೇಕಾಗಿತ್ತು ಕಣೋ. ಯಜಮಾನರಿಗೆ ಸಂಜೆ ಮಾತ್ರೆ ಕೊಡಬೇಕಾಗಿತ್ತು." ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಏನು ಹೇಳಬೇಕೆಂದು ತೋಚದೆ ಕೈ ಹಿಂದೆ ಕಟ್ಟಿಕೊಳ್ಳಲೂ ನಾಚಿಕೆಯಾಗಿ ನಿಂತಿದ್ದೆ. ಅವರು ಎದ್ದರು. ಸೆರಗು ಸರಿಮಾಡಿಕೊಂಡು, ಹೊಸ್ತಿಲನ್ನು ನೋಡಿ, ಬಲಗಾಲಿಟ್ಟು ಒಳಗೆ ಹೋಗಿ ನಡುಮನೆಯಲ್ಲಿ ನನ್ನ ಆರಾಮಕುರ್ಚಿಯಲ್ಲೇ ಕೂತರು.

ಹನ್ನೊಂದಕ್ಕೆ ಬೋರಲಿಂಗಯ್ಯ ಬಂದರು. ಜಗಲಿ ನೋಡಿದರು, ಒಳಗೆ ಬಗ್ಗಿ ನೋಡಿದರು, ಟೇಪನ್ನು ಬಿಚ್ಚದೆ ಜೇಬಿಗೆ ಹಾಕಿಕೊಂಡರು. "ಗಿರಿಯಪ್ಪನೋರೇ, ಒಂದೆರಡು ಜೊತೆ ಬಟ್ಟೆ ಇಟ್ಕೊಳ್ಳಿ," ಎಂದರು. ನಾನು ಬಟ್ಟೆ ಮಡಿಚುತ್ತಿದ್ದಾಗ ನಡುಮನೆಯಿಂದ ತುಂಗಕ್ಕನ ಹಳೆಯ ಗಟ್ಟಿ ಗಂಟಲು ಕೇಳಿಸಿತು. "ಉಮಾಪತಿ, ಈ ಸಂಬಂಧ ಗಟ್ಟಿ. ನಿಮ್ಮಮ್ಮನಿಗೆ ನಾನು ಹೇಳಿದೆ ಅಂತ ಹೇಳು, ಹುಡುಗಿ ಬಂಗಾರದಂಥವಳು, ಅಪ್ಪ ಜೈಲಿನಲ್ಲಿದಾನೆ. ಅದೊಂದೇ ದೋಷ. ಮಂಗಳ, ಆ ಕಿಟಕಿ ತೆಗಿ, ಐದು ವರ್ಷ ಇರೋಳು ನಾನು, ಗಾಳಿ ಬೇಡವಾ?" ಹೊರಡುವಾಗ ನನ್ನನ್ನು ಹತ್ತಿರ ಕರೆದು, "ಕೋರ್ಟಲ್ಲಿ ಜೋರಾಗಿ ಹೇಳು. ನಮ್ಮ ಯಜಮಾನರಿಗೆ ಕಿವಿ ಮಂದ," ಎಂದರು. ಅವರಿಗೆ ನನ್ನ ಮೇಲಿದ್ದ ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ.

ಕೋರ್ಟಿನಲ್ಲಿ ಕಟಕಟೆ ಹತ್ತಿ ನಾನು ಕೂಗಿ ಹೇಳಿದೆ. ನ್ಯಾಯಾಧೀಶರು ಕಿವಿ ಮುಚ್ಚಿಕೊಂಡು, "ಕೋರ್ಟೇನು ಕಿವುಡಲ್ಲ, ಮೆಲ್ಲಗೆ ಹೇಳ್ರಿ," ಎಂದರು. "ಹಿಂದೆ ಕೂತಿರೋರಿಗೆ ಕೇಳಿಸಬೇಕು ಸ್ವಾಮಿ," ಎಂದು ಮತ್ತೆ ಕೂಗಿದೆ. ಕೊನೆಯ ಬೆಂಚಿನಿಂದ ಕರಿಯಪ್ಪ ಮೇಷ್ಟ್ರು ಎದ್ದರು. "ಏನಂದ್ರಿ? ಯಾವ ಬಣ್ಣ?" ಎಂದರು. ಹಸಿರು ಎಂದೆ. ಸುಮ್ಮನೆ ಕೂರಬೇಕೆಂದು ಜವಾನ ಹೇಳಿದ್ದು ಅವರಿಗೆ ಕೇಳಿಸಲಿಲ್ಲ. "ಅವಳು ನೋಡಿ ಕಾಲಿಟ್ಟಳಾ?"

"ನೋಡೇ ಇಟ್ಟರು ಮೇಷ್ಟ್ರೇ. ತಪ್ಪು ನನ್ನದು."

ಮೇಷ್ಟ್ರು ಪಕ್ಕದಲ್ಲಿದ್ದ ಮಗನ ಭುಜ ಹಿಡಿದು, ಕಿವಿ ಮಂದವಾದವರು ಗುಟ್ಟು ಹೇಳುವ ಹಾಗೆ ಇಡೀ ಕೋರ್ಟಿಗೆ ಕೇಳಿಸುವಂತೆ, "ಕೇಳಿದೆಯೇನೋ? ನಿಮ್ಮಮ್ಮನಿಗೆ ಕಣ್ಣು ಚೆನ್ನಾಗೇ ಕಾಣಿಸ್ತಿತ್ತಂತೆ," ಎಂದರು. ಹೇಳಿ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ನ್ಯಾಯಾಧೀಶರು ಏನೋ ಓದಿದರು. ನನಗೆ ಅದು ಕೇಳಿಸಲಿಲ್ಲ, ಐದು ವರ್ಷ ಎಂದು ಬೋರಲಿಂಗಯ್ಯ ಪಕ್ಕದಲ್ಲಿ ನಿಂತು ಎರಡು ಸಲ ಹೇಳಬೇಕಾಯಿತು.